ಎಡಗೈ ಹೆಬ್ಬೆಟ್ಟು

ವಕೀಲ ಬೇಕು ಅಂದಾಗ ಇಡೀ ಕೇರಿ ಒಂದೇ ಮಾತು ಹೇಳಿತು. "ನಮ್ಮವನ್ನ ಹಿಡಿ."

ನಮ್ಮವ. ಈ ಒಂದು ಮಾತಿಗೆ ಪಕ್ಕೀರಮ್ಮ ಮೋಸಹೋದಳು. ಆಕೆಯೇನು ದಡ್ಡಿಯಲ್ಲ. ಹಿರೇಹಡಗಲಿಯಿಂದ ಈಚೆಗಿರುವ ಕೇರಿಗಳಲ್ಲಿ ಯಾವ ಹೆಂಗಸಾಗಿದ್ದರೂ ಅದನ್ನೇ ಮಾಡುತ್ತಿದ್ದಳು. ಊರಿನವರ ವಕೀಲ ಊರಿನವರ ಕಡೆ ವಾಲುತ್ತಾನೆ, ನಮ್ಮ ವಕೀಲ ನಮ್ಮ ಕಡೆ ವಾಲುತ್ತಾನೆ. ಇಷ್ಟು ಯಾರಿಗೆ ತಿಳಿಯುವುದಿಲ್ಲ?

ಜಗಳ ಸುಡುಗಾಡಿನದು. ಗುಡ್ಡದ ಬುಡಕ್ಕೆ, ಒಂದು ಹುಣಸೆ ಮರದ ಸುತ್ತ ಒಂದೂವರೆ ಎಕರೆ ನೆಲ. ಕೇರಿಯಲ್ಲಿ ಸತ್ತವರೆಲ್ಲ ಅಲ್ಲೇ ಮಲಗಿದ್ದಾರೆ. ಪಕ್ಕೀರಮ್ಮನ ಗಂಡ ರಾಮಣ್ಣನೂ ಅಲ್ಲೇ. ಬದುಕಿದ್ದಷ್ಟು ಕಾಲ ರಾಮಣ್ಣ ಕುಣಿ ತೋಡಿದ. ಕೇರಿಗಷ್ಟೇ ಅಲ್ಲ, ಊರಿಗೆಲ್ಲ. ಊರಿನ ದೊಡ್ಡವರಿಗೆ ಹೆಣ ಕೂರಿಸುವ ಕುಣಿ ಬೇಕು. ಒಳಗೆ ಗೂಡು ಕೊರೆಯಬೇಕು, ಅಳತೆ ತಪ್ಪಬಾರದು. ಬೇಸಿಗೆಯಲ್ಲಿ ನೆಲ ಕಲ್ಲಾಗಿರುತ್ತಿತ್ತು. ಹಾರೆ ಹಾಕಿದರೆ ಭುಜದ ತನಕ ಜುಮ್ಮೆನ್ನುತ್ತಿತ್ತು. ಅಂಗೈ ಒಡೆದು ರಕ್ತ ಹಾರೆಗೆ ಮೆತ್ತುತ್ತಿತ್ತು. ತೋಡಿ ಮುಗಿಸಿದನೋ ಇಲ್ಲವೋ, "ಸಾಕು ಮ್ಯಾಲೆ ಬಾ, ದೂರ ನಿಂದ್ರು, ಹೆಣ ಬಂತು" ಅನ್ನುತ್ತಿದ್ದರು. ಕುಣಿಗೆ ಆತ ಬೇಕು, ಆತನ ನೆರಳು ಬೇಡ. ಥೂ, ಎಂಥ ಮಂದಿ! ಮೂವತ್ತು ವರ್ಷ ಹಂಗೆ ದೂರ ನಿಂತ ಮನುಷ್ಯ. ಸತ್ತ ಮೇಲಾದರೂ ಹುಣಸೆ ಮರದ ಕೆಳಗೆ ನೆಮ್ಮದಿಯಾಗಿ ಮಲಗಿದನಲ್ಲ ಅಂತ ಪಕ್ಕೀರಮ್ಮ ಸಮಾಧಾನ ಮಾಡಿಕೊಂಡಿದ್ದಳು.

ಆಮೇಲೆ ಗುಡ್ಡದ ಮೇಲೆ ಗಾಳಿ ಫ್ಯಾನು ಬಂದವು. ಕರೆಂಟು ಮಾಡುವ ದೊಡ್ಡ ಫ್ಯಾನು. ಅದರ ಒಂದೊಂದು ರೆಕ್ಕೆ ತರಲಿಕ್ಕೆ ಊರಷ್ಟು ಉದ್ದದ ಲಾರಿ. ಆ ಲಾರಿ ತಿರುಗಲಿಕ್ಕೆ ಅಗಲವಾದ ದಾರಿ ಬೇಕು. ಗೌಡರ ಹೊಲ ತಪ್ಪಿಸಿ, ಗುಡಿಯ ಮಾನ್ಯದ ನೆಲ ತಪ್ಪಿಸಿ, ಆ ದಾರಿ ನೆಟ್ಟಗೆ ಬಂದು ನುಗ್ಗಿದ್ದು ಕೇರಿಯ ಸುಡುಗಾಡಿಗೆ. ದಾರಿಯ ಗುತ್ತಿಗೆ ಹಿಡಿದವನು ಅಂಜಿನೇಯಲು ಅಂತ, ಆಂಧ್ರದ ಕಡೆಯವನು. ಒಂದು ಬೆಳಿಗ್ಗೆ ಅವನ ಜೆಸಿಬಿ ಬಂದು ಹನ್ನೊಂದು ಕುಣಿಗಳ ಮೇಲೆ ಜಲ್ಲಿ ಸುರಿಯಿತು. ಹನ್ನೆರಡನೆಯದು ರಾಮಣ್ಣನದು. ಸುದ್ದಿ ಕೇಳಿ ಪಕ್ಕೀರಮ್ಮ ಮಲ್ಲಿಗೆ ತೋಟದಿಂದ ಉಡಿಯಲ್ಲಿ ಮೊಗ್ಗು ಕಟ್ಟಿಕೊಂಡೇ ಓಡಿಬಂದಳು. ಗಂಡನ ಕುಣಿಯ ಮೇಲೆ ಕಾಲು ಚಾಚಿ ಕೂತುಬಿಟ್ಟಳು.

"ಹಾಕು," ಅಂದಳು. "ನನ್ನ ಮ್ಯಾಲ ಹಾಕು ಜಲ್ಲಿ."

ಡ್ರೈವರು ಗಾಡಿ ನಿಲ್ಲಿಸಿ ಬೀಡಿ ಹಚ್ಚಿದ. ಅವತ್ತು ಉಳಿಯಿತು. ನಾಳೆ? ನಾಳೆಗೆ ಕೋರ್ಟು ಬೇಕು, ಕೋರ್ಟಿಗೆ ವಕೀಲ ಬೇಕು. ಕೇರಿಯಲ್ಲಿ ಬೇರೆ ಯಾರೂ ಹೆಸರು ಕೊಡಲಿಲ್ಲ. ಒಬ್ಬರ ಮಗ ಗುಡ್ಡದ ಮೇಲೆ ವಾಚ್‌ಮನ್, ಇನ್ನೊಬ್ಬರ ಅಳಿಯ ಅಲ್ಲೇ ಡ್ರೈವರು. ಎಲ್ಲರಿಗೂ ಒಂದೊಂದು ಕೊಂಡಿ. ದಾವೆ ಹಾಕಿದವಳು ಪಕ್ಕೀರಮ್ಮ ಒಬ್ಬಳೇ. ಹಾಕಿಸಿದವನು ಗುರುಮೂರ್ತಿ.

ಗುರುಮೂರ್ತಿ ಅಂದರೆ ಕೇರಿಯ ಯರ್ರೆಪ್ಪನ ಮಗ. ಕೇರಿಯಲ್ಲಿ ಕರಿಕೋಟು ಹಾಕಿದ ಮೊದಲನೆಯವನು. ಅವನ ತಾಯಿ ಹಾಸಿಗೆ ಹಿಡಿದಿದ್ದಾಗ ಎರಡು ವರ್ಷ ಪಕ್ಕೀರಮ್ಮನ ಒಲೆಯ ಮುಂದೆ ಕೂತು ರೊಟ್ಟಿ ತಿಂದು ಶಾಲೆಗೆ ಹೋದವನು. ಅವನಪ್ಪ ಯರ್ರೆಪ್ಪ ಸತ್ತಾಗ ಕುಣಿ ತೋಡಿದ್ದು ರಾಮಣ್ಣನೇ. ಈಗ ಅವನ ಆಫೀಸು ತಾಲ್ಲೂಕು ಕೋರ್ಟಿನ ಎದುರಿಗೆ. ಒಳಗೆ ಹೋದರೆ ಗೋಡೆಯ ಮೇಲೆ ಬಾಬಾಸಾಹೇಬರ ದೊಡ್ಡ ಫೋಟೊ. ಅದನ್ನು ನೋಡಿಯೇ ಪಕ್ಕೀರಮ್ಮನಿಗೆ ಅರ್ಧ ಕೇಸು ಗೆದ್ದಂಗಾಯಿತು.

"ದೊಡ್ಡವ್ವ, ಫೀಸಿನ ಮಾತು ಎತ್ತಬ್ಯಾಡ," ಅಂದ ಗುರುಮೂರ್ತಿ. "ನಮ್ಮಪ್ಪನೂ ಅಲ್ಲೇ ಅದಾನ. ಇದು ನನ್ನ ಕೇಸು."

ಪಕ್ಕೀರಮ್ಮ ಅತ್ತುಬಿಟ್ಟಳು. ಅಷ್ಟರಲ್ಲಿ ಅವನಿಗೊಂದು ಫೋನು ಬಂತು. ಫೋನು ಕಿವಿಗೆ ಹಿಡಿದು ಕಿಟಕಿಯ ಕಡೆ ತಿರುಗಿದ. ಗುಮಾಸ್ತ ವಕಾಲತ್ತಿನ ಹಾಳೆ ಮುಂದಿಟ್ಟು ಮಸಿಯ ಪ್ಯಾಡು ತೆರೆದ.

"ಎಡಗೈ ಹೆಬ್ಬೆಟ್ಟು ಕೊಡಮ್ಮ."

"ಬ್ಯಾಡಪ್ಪ. ನಾನು ಸಹಿ ಮಾಡ್ತೀನಿ."

ಹೆಬ್ಬೆಟ್ಟು ಅಂದರೆ ಪಕ್ಕೀರಮ್ಮನಿಗೆ ಮೈ ಉರಿಯುತ್ತಿತ್ತು. ಅದಕ್ಕೆ ಕಾರಣ ಇತ್ತು. ನಲವತ್ತು ವರ್ಷ ಶೇಂಗಾ ಒಡೆದು, ಕಡಲೆ ಗಿಡ ಕಿತ್ತು, ಕಲ್ಲು ಹೊತ್ತು, ಈಗ ದಿನಾ ನಸುಕಿಗೆ ಮಲ್ಲಿಗೆ ಮೊಗ್ಗು ಬಿಡಿಸಿ ಆಕೆಯ ಬೆರಳ ತುದಿಯ ಗೆರೆಗಳೆಲ್ಲ ಸವೆದುಹೋಗಿದ್ದವು. ಎರಡೂ ಹೆಬ್ಬೆಟ್ಟು ನುಣ್ಣಗೆ, ಹೊಳೆದಂಡೆಯ ಕಲ್ಲಿನ ಥರ. ರೇಷನ್ ಅಂಗಡಿಯ ಮಷೀನಿಗೆ ಎಷ್ಟು ಒತ್ತಿದರೂ ಹತ್ತುತ್ತಿರಲಿಲ್ಲ. "ನಿನ್ನ ಬೆರಳು ಸತ್ತಾವ ಬಿಡವ್ವ, ಆಕಡಿ ಸರಿ," ಅಂತ ಅಂಗಡಿಯವನು ಎಲ್ಲರ ಮುಂದೆ ಅಂದಿದ್ದ. ಆ ಮಾತು ಕೇಳಿ ಬಂದ ದಿನವೇ ಮಗಳು ಪ್ರಿಯಾಳ ಮುಂದೆ ಸ್ಲೇಟು ಹಿಡಿದು ಕೂತಳು. ಪ್ರಿಯಾ ಕೊಟ್ಟೂರಿನ ಆಸ್ಪತ್ರೆಯಲ್ಲಿ ನರ್ಸು. ರಜೆಗೆ ಬಂದಾಗೆಲ್ಲ ಅವ್ವನಿಗೆ ಹೆಸರು ಬರೆಯಲು ಕಲಿಸಿದಳು. "ಪ" ಸಲೀಸು. ಕೊಲ್ಲುವುದು "ಕ್ಕೀ". ಕ ಬರೆದು, ಗುಡಿಸು ಕೊಟ್ಟು, ಕೆಳಗೆ ಒತ್ತು ಹಾಕಿ, ಪಕ್ಕಕ್ಕೆ ದೀರ್ಘ ಎಳೆಯಬೇಕು. ಆ ಒಂದು ಅಕ್ಷರಕ್ಕೆ ಆರು ತಿಂಗಳು ಹಿಡಿಯಿತು.

ವಕಾಲತ್ತಿನ ಮೇಲೆ ಪಕ್ಕೀರಮ್ಮ ಉಸಿರು ಬಿಗಿಹಿಡಿದು ಹೆಸರು ಬರೆದಳು. ಬರೆದು ತಲೆ ಎತ್ತಿದಳು. ಗುರು ನೋಡಲಿ ಅಂತ. ತಾನು ರೊಟ್ಟಿ ಹಾಕಿದ ಹುಡುಗ, ತನ್ನ ಅಕ್ಷರ ನೋಡಿ ಭೇಷ್ ದೊಡ್ಡವ್ವ ಅನ್ನಲಿ ಅಂತ. ಗುರುಮೂರ್ತಿ ಇನ್ನೂ ಕಿಟಕಿಯ ಕಡೆಗೇ ಇದ್ದ. ಗುಮಾಸ್ತ ಹಾಳೆ ತೆಗೆದು ಫೈಲಿಗೆ ಸೇರಿಸಿದ. ಆ ಗುಮಾಸ್ತನೂ ಮುಂದೆ ಕೆಲಸ ಬಿಟ್ಟುಹೋದ.

ಸ್ಟೇ ಸಿಕ್ಕಿತು. ದಾರಿ ಕೆಲಸ ನಿಂತಿತು. ಆಮೇಲೆ ಎರಡು ವರ್ಷ ವಾಯಿದೆಯ ಮೇಲೆ ವಾಯಿದೆ. ಪ್ರತಿ ವಾಯಿದೆಗೂ ಪಕ್ಕೀರಮ್ಮ ಮೊದಲ ಬಸ್ಸಿಗೆ ಬರುತ್ತಿದ್ದಳು, ಬಾಬಾಸಾಹೇಬರ ಫೋಟೊಕ್ಕೆ ಒಂದು ಮೊಳ ಮಲ್ಲಿಗೆ ಹಿಡಿದು. ಮೊದಮೊದಲು ಗುರುಮೂರ್ತಿ "ಕುರ್ಚಿ ಮ್ಯಾಲ ಕೂಡು ದೊಡ್ಡವ್ವ" ಅನ್ನುತ್ತಿದ್ದ. ಬರಬರುತ್ತ "ಹೊರಗ ಕಟ್ಟಿ ಮ್ಯಾಲ ಕೂಡು, ಕರೀತೀನಿ" ಅಂದ. ಊರಿನ ದೊಡ್ಡವರು ಬಂದರೆ ಕುರ್ಚಿ ಅವರಿಗೆ. ಬಿಸಿಲು ಕಟ್ಟೆಗೆ ಬರುತ್ತಿತ್ತು, ಹೋಗುತ್ತಿತ್ತು. ಆತ ಕರೆಯುತ್ತಿರಲಿಲ್ಲ. ಸಂಜೆ ಬೀಗ ಹಾಕುವಾಗ "ಅಯ್ಯ, ಇನ್ನೂ ಇಲ್ಲೇ ಅದೀಯೇನು? ಮುಂದಿನ ತಿಂಗಳಿಗೆ ಹೋತು" ಅನ್ನುತ್ತಿದ್ದ. ಒಂದು ಸಲ ಅವನ ಹೊಸ ಮನೆ ನೋಡಲು ಹೋಗಿದ್ದಳು. ಅಂಗಳದ ತುಂಬ ಬೂದುಬಣ್ಣದ ಜಲ್ಲಿ ಹರವಿತ್ತು. ಅದೇ ಬಣ್ಣ, ಅದೇ ಗಾತ್ರ. ಎಲ್ಲಿ ನೋಡಿದ್ದೇನೆ ಅಂತ ಆಕೆಗೆ ಚೆನ್ನಾಗಿ ಗೊತ್ತಿತ್ತು. ಆದರೂ ಜಲ್ಲಿ ಎಲ್ಲಾ ಕಡೆ ಒಂದೇ ಥರ ಇರತೈತಿ ಅಂತ ತನಗೆ ತಾನೇ ಹೇಳಿಕೊಂಡಳು. ಪ್ರಿಯಾ ಫೋನಿನಲ್ಲಿ ಬೈದಳು.

"ಅವ್ವಾ, ಆತನ್ನ ನಂಬಬ್ಯಾಡ. ಬ್ಯಾರೆ ವಕೀಲನ್ನ ನೋಡು."

"ಸುಮ್ನಿರು. ನಮ್ಮ ಹುಡುಗ ಅದಾನ."

ಒಂದು ಬುಧವಾರ ನಸುಕಿಗೆ ಮಲ್ಲಿಗೆ ತೋಟದ ಬದುವಿನಲ್ಲಿ ಅಂಜಿನೇಯಲು ಎದುರಾದ. ಗಾಡಿ ನಿಲ್ಲಿಸಿ ಗಾಜು ಇಳಿಸಿದ. ಎಂದೂ ಇಲ್ಲದ ನಗು.

"ಏನ್ ಪಕ್ಕೀರಮ್ಮಾ, ಶನಿವಾರ ರಾಜಿ ಆಗತೈತಲ್ಲ. ಇನ್ನ ನಿಂಗೂ ನಿಶ್ಚಿಂತಿ, ನಂಗೂ ನಿಶ್ಚಿಂತಿ."

"ಯಾವ ರಾಜಿ?"

ಅವನ ನಗು ಅಲ್ಲೇ ನಿಂತಿತು. "ನಿಮ್ಮ ವಕೀಲನ್ನ ಕೇಳು," ಅಂದು ಗಾಜು ಏರಿಸಿಕೊಂಡು ಹೋದ.

ಕೈಯಲ್ಲಿದ್ದ ಮೊಗ್ಗು ಬುಟ್ಟಿಗೆ ಹಾಕಿ ಪಕ್ಕೀರಮ್ಮ ನೆಟ್ಟಗೆ ಬಸ್ಸು ಹತ್ತಿದಳು. ಗುರುಮೂರ್ತಿ ಆಗಷ್ಟೇ ಆಫೀಸಿಗೆ ಬಂದಿದ್ದ. ಫೋಟೊಕ್ಕೆ ಪ್ಲಾಸ್ಟಿಕ್ ಹಾರ ಬಂದಿತ್ತು.

"ಗುರು, ಶನಿವಾರ ರಾಜಿ ಅಂತಲ್ಲೋ? ಅಂಜಿನೇಯಲು ಅಂದ."

ಗುರುಮೂರ್ತಿ ಹಾಳೆ ತಿರುವುತ್ತಲೇ ಇದ್ದ. "ಅವನಿಗೇನು ತಲಿ ಕೆಟ್ಟೈತಿ. ಎರಡನೇ ಶನಿವಾರ ಕೋರ್ಟಿಗೆ ರಜಾ, ದೊಡ್ಡವ್ವ. ರಜಾ ದಿನ ಎಂಥಾ ರಾಜಿ? ನೀ ಹೋಗು, ಹೂವಿನ ಕೆಲಸ ಕೆಡತೈತಿ."

ಅವನು ಆಕೆಯ ಮುಖ ನೋಡಲಿಲ್ಲ. ಆದರೂ ಪಕ್ಕೀರಮ್ಮ ನಂಬಿದಳು ನೋಡ್ರಿ! ನಂಬಿ, ಸಮಾಧಾನವಾಗಿ, ಬಸ್‌ಸ್ಟ್ಯಾಂಡಿಗೆ ಬಂದು ಮಗಳಿಗೆ ಫೋನು ಮಾಡಿದಳು. ನಡೆದದ್ದನ್ನೆಲ್ಲ ಹೇಳಿದಳು.

"ಅವ್ವಾ, ಎರಡನೇ ಶನಿವಾರನ ಲೋಕ ಅದಾಲತ್ ಇರೋದು. ನಮ್ಮ ಆಸ್ಪತ್ರಿ ಗೋಡಿಗೇ ಚೀಟಿ ಹಚ್ಯಾರ. ರಾಜಿ ಮಾಡಾಕ ಅಂತನ ಅವತ್ತು ಕೋರ್ಟು ತೆಗೀತಾರ."

ಪಕ್ಕೀರಮ್ಮ ಅಲ್ಲೇ ನೆಲದ ಮೇಲೆ ಕೂತಳು. ಬಸ್ಸು ಬಂತು, ಹೋಯಿತು. ರಾಮಣ್ಣ ಸತ್ತಾಗ ಆಗದ ಸಂಕಟ ಆಕೆಗೆ ಆ ಕ್ಷಣ ಆಯಿತು. ಗೌಡ ಮೋಸ ಮಾಡಿದ್ದರೆ ಬೈಯುತ್ತಿದ್ದಳು, ಎದೆ ಬಡಿದುಕೊಳ್ಳುತ್ತಿದ್ದಳು, ನೂರು ಜನಕ್ಕೆ ಹೇಳುತ್ತಿದ್ದಳು. ಇದನ್ನು ಯಾರಿಗೆ ಹೇಳುವುದು? ತನ್ನ ರೊಟ್ಟಿ ತಿಂದವನು ಅಂತ ಹೇಳುವುದಾ? ನಾಚಿಕೆ ಆದದ್ದು ಅವನಿಗಲ್ಲ, ಆಕೆಗೆ.

ಗುರುವಾರ, ಶುಕ್ರವಾರ. ಎರಡು ದಿನ ಇತ್ತು. ಹೆಂಗಸರಿಗೆ ಬಸ್ಸು ಬಿಟ್ಟಿ, ಆಧಾರ್ ಕಾರ್ಡು ಹಿಡಿದು ಹೊರಟಳು. ಹರಪನಹಳ್ಳಿಯ ವಕೀಲ ಕೇಸು ಕೇಳುವ ಮೊದಲು "ಯಾವ ಊರು, ಯಾವ ಕೇರಿ?" ಅಂದ. ಕೇಳಿಕೊಂಡು, ಹಾಳೆ ಮುಟ್ಟದೆ, "ಮೊದಲಿನ ವಕೀಲರ ಎನ್‌ಓಸಿ ತಗೊಂಡು ಬಾ" ಅಂದ. ಎನ್‌ಓಸಿ ಅಂದರೆ, ಈ ಕೇಸು ಬೇರೆಯವರು ಹಿಡಿದರೆ ನನ್ನ ತಕರಾರಿಲ್ಲ ಅಂತ ಹಳೇ ವಕೀಲ ಬರೆದುಕೊಡುವ ಚೀಟಿ. ಕಳ್ಳನ ಹತ್ತಿರ ಹೋಗಿ, ನಿನ್ನ ಮೇಲೆ ದೂರು ಕೊಡುತ್ತೇನೆ, ಒಪ್ಪಿಗೆ ಬರೆದುಕೊಡು ಅಂದ ಹಂಗೆ! ಕೊಟ್ಟೂರಿನ ವಕೀಲ ಒಳ್ಳೆಯ ಮನುಷ್ಯ, ಚಹಾ ತರಿಸಿದ. ಗಾಳಿ ಫ್ಯಾನಿನ ಕಂಪನಿ ಅಂತ ಬಾಯಿಬಿಟ್ಟ ಕೂಡಲೇ ಚಹಾ ಕೆಳಗಿಟ್ಟ. "ಆ ಕಂಪನಿ ಕಾಗದ ಪತ್ರ ನೋಡಾಂವ ನಾನ ಅದೀನಮ್ಮ" ಅಂದ.

ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ಹುಡುಗಿ ಸಿಕ್ಕಳು. ಕೀರ್ತನಾ ಅಂತ ಬೋರ್ಡು. ಕುರಿ ಕಾಯುವವರ ಮನೆಯ ಹುಡುಗಿ, ಕರಿಕೋಟು ಇನ್ನೂ ಹೊಸದು. ಪಕ್ಕೀರಮ್ಮ ಹೇಳಿದ್ದನ್ನೆಲ್ಲ ಮೊದಲಿನಿಂದ ಕೊನೆತನಕ ಕೇಳಿದಳು. ಎರಡು ವರ್ಷದಲ್ಲಿ ಆಕೆಯ ಮಾತು ಪೂರಾ ಕೇಳಿದ ಮೊದಲ ವಕೀಲೆ ಅವಳೇ.

"ಎನ್‌ಓಸಿ ಇಲ್ಲದ ನಾನೂ ಬರಾಕ ಆಗೂದಿಲ್ರಿ ಅಮ್ಮ," ಅಂದಳು. "ಖರೇ ಹೇಳಬೇಕಂದ್ರ ನನಗ ಅಂಜಿಕಿನೂ ಐತಿ. ಗುರುಮೂರ್ತಿ ಸರ್ ವಕೀಲರ ಸಂಘದಾಗ ದೊಡ್ಡವರು." ಆಮೇಲೆ ಬಾಗಿಲ ಕಡೆ ನೋಡಿ ದನಿ ಇಳಿಸಿದಳು. "ಆದ್ರ ಒಂದು ಮಾತು ತಿಳ್ಕೊಳ್ರಿ. ಕೇಸು ನಿಮ್ಮದು, ವಕೀಲರದಲ್ಲ. ನೀವು ಒಪ್ಪದ ರಾಜಿ ಆಗೂದಿಲ್ಲ. ಜಡ್ಜ್ ಕೂಗಿಸಿದಾಗ ಎದ್ದು ನಿಂತು ಒಲ್ಲೆ ಅನ್ರಿ. ಅದಕ್ಕ ಯಾವ ವಕೀಲನೂ ಬೇಕಾಗಿಲ್ಲ. ನನ್ನ ಹೆಸರು ಮಾತ್ರ ಹೇಳಬ್ಯಾಡ್ರಿ."

ಪಕ್ಕೀರಮ್ಮ ಆ ಹುಡುಗಿಯ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅಂಜಿಕೆ ಇದ್ದರೆ ಇರಲಿ. ಸುಳ್ಳು ಹೇಳಲಿಲ್ಲವಲ್ಲ.

ಶನಿವಾರ ಕೋರ್ಟಿನಲ್ಲಿ ಸಂತೆಯಷ್ಟು ಜನ. ಗಂಡಹೆಂಡಿರ ಜಗಳ, ಬದುವಿನ ಜಗಳ, ಬ್ಯಾಂಕಿನ ಸಾಲ, ಎಲ್ಲಾ ಒಂದೇ ದಿನ ತೀರಬೇಕು. ಪಕ್ಕೀರಮ್ಮ ಸೆರಗು ತಲೆಮೇಲೆ ಎಳೆದುಕೊಂಡು ಹಿಂದಿನ ಬೆಂಚಿನ ತುದಿಗೆ ಕೂತಿದ್ದಳು. ಮುಂದೆ ಗುರುಮೂರ್ತಿ. ಅವನ ಪಕ್ಕ ಅಂಜಿನೇಯಲು. ಇಬ್ಬರೂ ಒಂದೇ ಮೊಬೈಲಿನಲ್ಲಿ ಏನನ್ನೋ ನೋಡಿ ನಗುತ್ತಿದ್ದರು. ಮೊದಲ ಸಲ ಆಕೆ ಅವರಿಬ್ಬರನ್ನು ಒಟ್ಟಿಗೆ ನೋಡಿದ್ದು.

ಪಕ್ಕೀರಮ್ಮನ ಕೇಸು ಕೂಗಿದರು. ಗುರುಮೂರ್ತಿ ಎದ್ದು ಹಾಳೆ ಕೊಟ್ಟ. ಜಡ್ಜ್ ಓದಿದರು. "ಹಳೆಯ ಸ್ಮಶಾನದ ಜಾಗ ದಾರಿಗೆ ಬಿಡಲು ವಾದಿಯ ಒಪ್ಪಿಗೆ ಇದೆ. ಬದಲಿಗೆ ಹಳ್ಳದ ಆಚೆ ಎರಡು ಎಕರೆ."

ಹಳ್ಳದ ಆಚೆ! ಅದು ಪೂರಾ ಬಂಡೆ. ಅಲ್ಲಿ ಹಾರೆಯ ಮೊನೆ ಇಳಿಯುವುದಿಲ್ಲ ಅಂತ ರಾಮಣ್ಣ ಎಷ್ಟು ಸಲ ಹೇಳಿದ್ದ.

"ವಾದಿ ಎಲ್ಲಿ?" ಜಡ್ಜ್ ಕೇಳಿದರು.

"ಆಕೆಗೆ ಮೈಯಲ್ಲಿ ಆರಾಮಿಲ್ಲ ಸ್ವಾಮಿ," ಅಂದ ಗುರುಮೂರ್ತಿ. ಕೋರ್ಟಿನಲ್ಲಿ ಅವನ ಭಾಷೆ ಬೇರೆ. "ವಯಸ್ಸಾದವರು. ರಾಜಿ ಅರ್ಜಿಗೆ ಹೆಬ್ಬೆಟ್ಟು ಹಾಕಿದ್ದಾರೆ, ನಾನೇ ಗುರುತಿಸಿದ್ದೇನೆ."

"ನಾನು ಆರಾಮಾಗೇ ಅದೀನ್ರಿ!"

ಎಲ್ಲರೂ ಹಿಂದಕ್ಕೆ ತಿರುಗಿದರು. ಪಕ್ಕೀರಮ್ಮ ಎದ್ದು ಬಂದಳು. ಯಾರೋ ಪೊಲೀಸು ತಡೆಯಲಿಕ್ಕೆ ಕೈ ಚಾಚಿದ, ಆಕೆ ಆ ಕೈ ಸರಿಸಿ ಬಂದಳು. ಗುರುಮೂರ್ತಿಯ ಮುಖದಲ್ಲಿ ರಕ್ತ ಇರಲಿಲ್ಲ.

"ದೊಡ್ಡವ್ವ, ಸುಮ್ನಿರು," ಅಂದ ಹಲ್ಲು ಕಚ್ಚಿ. "ಆಮ್ಯಾಲ ಹೇಳ್ತೀನಿ. ನಿನ್ನ ಒಳ್ಳೇದಕ್ಕ ಮಾಡೀನಿ."

"ಪಕ್ಕೀರಮ್ಮ ಅಂದರೆ ನೀವೇನಾ?" ಜಡ್ಜ್ ಹಾಳೆ ಎತ್ತಿ ತೋರಿಸಿದರು. "ಈ ಹೆಬ್ಬೆಟ್ಟು ನಿಮ್ಮದಾ?"

ನೀಲಿ ಮಸಿಯ ಹೆಬ್ಬೆಟ್ಟು. ಪೂರಾ ಗೆರೆಗೆರೆ. ಒಂದೊಂದು ಸುಳಿಯೂ ಎದ್ದು ಕಾಣುತ್ತಿತ್ತು. ಎಂದೂ ಶೇಂಗಾ ಒಡೆಯದವರ ಬೆರಳು, ಎಂದೂ ಕಡಲೆ ಕೀಳದವರ ಬೆರಳು. ಪಕ್ಕೀರಮ್ಮ ಅದನ್ನು ನೋಡಿದಳು. ಗುರುಮೂರ್ತಿಯ ಎಡಗೈ ನೋಡಿದಳು. ಅವನು ಆ ಕೈಯನ್ನು ಕೋಟಿನ ಜೇಬಿಗೆ ಇಳಿಸಿದ.

"ನನ್ನ ಹೆಬ್ಬೆಟ್ಟಿಗೆ ಗೆರಿ ಇಲ್ರಿ," ಅಂದಳು. ಎರಡೂ ಹೆಬ್ಬೆಟ್ಟು ಎತ್ತಿ ಜಡ್ಜ್ ಮುಂದೆ ಹಿಡಿದಳು. "ನೋಡ್ರಿ. ದುಡಿದು ದುಡಿದು ಅಳಿಸಿ ಹೋಗ್ಯಾವ. ರೇಷನ್ ಮಷೀನೂ ತಗಳಂಗಿಲ್ಲ. ಮತ್ತ ನಾನು ಹೆಬ್ಬೆಟ್ಟು ಒತ್ತೂದಾ ಇಲ್ರಿ. ಸಹಿ ಮಾಡ್ತೀನಿ. ಮೊದಲಿನ ಹಾಳಿ ತಗದು ನೋಡ್ರಿ."

ಜಡ್ಜ್ ಫೈಲು ಹಿಂದಕ್ಕೆ ತಿರುವಿದರು. ವಕಾಲತ್ತು ಸಿಕ್ಕಿತು. ಅದರ ಕೆಳಗೆ ಓರೆಕೋರೆಯಾಗಿ, ದೊಡ್ಡದಾಗಿ, ಗೆರೆ ದಾಟಿ ಬರೆದ ಹೆಸರು. ಎರಡು ವರ್ಷದಿಂದ ಅದು ಅಲ್ಲೇ ಇತ್ತು. ಆ ಹಾಳೆ ತನ್ನ ಕೈಯಾರೆ ಕೋರ್ಟಿಗೆ ಕೊಟ್ಟ ವಕೀಲ ಒಂದು ದಿನವೂ ಅದನ್ನು ನೋಡಿರಲಿಲ್ಲ.

ಪಕ್ಕೀರಮ್ಮ ಗುರುಮೂರ್ತಿಯ ಕಡೆ ತಿರುಗಿದಳು. ಬೈಯಬೇಕು ಅಂತ ಎರಡು ದಿನದಿಂದ ಏನೇನೋ ಜೋಡಿಸಿಕೊಂಡಿದ್ದಳು. ಬಂದದ್ದು ಇಷ್ಟೇ.

"ಊರಾನವ್ರಿಗೆ ನಾನು ಹೆಬ್ಬೆಟ್ಟಿನ ಹೆಂಗಸು. ಅದು ನಂಗ ಗೊತ್ತಿತ್ತು. ನಿನಗೂ ಹಂಗ ಕಂಡ್ನೇನೋ, ಗುರು?"

ಅಂಜಿನೇಯಲು ಮೆಲ್ಲಗೆ ಎದ್ದು ಬಾಗಿಲ ಕಡೆ ಸರಿದ. "ಬಾಗಿಲು ಹಾಕಿ," ಅಂದರು ಜಡ್ಜ್. ಗುರುಮೂರ್ತಿಗೆ ಅಲ್ಲೇ ನಿಲ್ಲಲು ಹೇಳಿದರು. ಈ ಹೆಬ್ಬೆಟ್ಟು ಯಾರದು ಅಂತ ವಿಚಾರಣೆ ಆಗುತ್ತದೆ ಅಂದರು. ಆಮೇಲೆ ಪಕ್ಕೀರಮ್ಮನನ್ನು ನೋಡಿ, "ಈ ರಾಜಿಗೆ ನಿಮ್ಮ ಒಪ್ಪಿಗೆ ಇದೆಯಾ ಇಲ್ಲವಾ?" ಅಂದರು.

"ಒಲ್ಲೆ ರೀ."

"ಹಾಗಾದರೆ ಒಪ್ಪಿಗೆ ಇಲ್ಲ ಅಂತ ಇಲ್ಲಿ ಬರೆದಿದೆ, ಇದರ ಕೆಳಗೆ ನಿಮ್ಮ ಗುರುತು ಹಾಕಿ."

ಕೋರ್ಟಿನ ಗುಮಾಸ್ತ ರೂಢಿಯ ಮೇಲೆ ಮಸಿಯ ಪ್ಯಾಡು ಮುಂದೆ ಸರಿಸಿದ. ಪಕ್ಕೀರಮ್ಮ ಅದನ್ನು ಒಂದು ಬೆರಳಿನಿಂದ ವಾಪಸು ಸರಿಸಿದಳು. "ಪೆನ್ನು ಕೊಡಪ್ಪ."

ಪೆನ್ನು ಬಂತು. "ಪ" ಬರೆದಳು. "ಕ್ಕೀ" ಶುರು ಮಾಡಿದಳು. ಕ, ಗುಡಿಸು, ಒತ್ತು. ಒತ್ತು ಓರೆಯಾಯಿತು. ನಿಲ್ಲಿಸಿ, ಬೆರಳು ಸೀರೆಗೆ ಒರೆಸಿಕೊಂಡು, ದೀರ್ಘ ಎಳೆದಳು. ಹಿಂದೆ ಇನ್ನೂ ಅರವತ್ತು ಕೇಸು ಇದ್ದವು. ಕರಿಕೋಟಿನವರು ಗಡಿಯಾರ ನೋಡಿಕೊಂಡರು. ಯಾರೋ ಕೆಮ್ಮಿದರು. ಆಕೆ ಯಾರನ್ನೂ ನೋಡಲಿಲ್ಲ. "ರ" ಬರೆದಳು. "ಮ್ಮ" ಬರೆದಳು. ಪೆನ್ನಿನ ಮುಚ್ಚಳ ಹಾಕಿ ಗುಮಾಸ್ತನ ಕೈಗೆ ಕೊಟ್ಟಳು.

ಜಡ್ಜ್ ಹೆಸರು ಓದಿಕೊಂಡರು. ಮುಂದಿನ ವಾಯಿದೆ ಬರೆಯುತ್ತ, "ಇನ್ನು ಮುಂದೆ ನಿಮ್ಮ ವಕೀಲರು ಯಾರಮ್ಮ?" ಅಂದರು.

"ಇನ್ನೂ ಹುಡುಕಬೇಕ್ರಿ."

"ಮೊದಲಿನವರು?"

ಪಕ್ಕೀರಮ್ಮ ಗುರುಮೂರ್ತಿಯನ್ನು ಕೊನೆಯ ಸಲ ನೋಡಿದಳು. ಒಲೆಯ ಮುಂದೆ ರೊಟ್ಟಿಗೆ ಕೈಚಾಚಿ ಕೂತಿದ್ದ ಹುಡುಗನ ಮುಖ ಆ ಕೋಟಿನ ಮೇಲೆ ಎಲ್ಲೂ ಸಿಗಲಿಲ್ಲ.

"ಆತ ಸತ್ತಾನ್ರಿ," ಅಂದಳು. "ಹೂಳಾಕ ಜಾಗ ಉಳಿಬೇಕಲ್ಲ. ಅದಕ್ಕ ಕೇಸು ನಡಿಸ್ತೀನಿ."